ಹಳೆಯ ಕಾರು, ಮಂಕು ಇಂಡಿಕೇಟರ್: ಬೆಳಕು ಹೆಚ್ಚಿಸುವುದೋ, ಉಳಿಸುವುದೋ?

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳ ಸ್ವಭಾವವೇ ಬದಲಾಗುತ್ತದೆ. ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ, ಗೋಕಾಕದ ಘಟಪ್ರಭಾ, ಹುಣಶ್ಯಾಳ ಪಿ.ಜಿ.ಯ ಸತೀಶ ಶುಗರ್ಸ್ ಹೀಗೆ ಒಂದಲ್ಲ ಒಂದು ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲೂ ರಾತ್ರಿಯೂ ಸಾಲುಗಟ್ಟುತ್ತವೆ. ಆ ಸಾಲಿನ ಹಿಂದೆ, ಮುಂದೆ, ಎದುರಿಗೆ ಓಡಾಡುವ ಗಾಡಿಗಳಲ್ಲಿ ಹೊಸ ಕಾರುಗಳಷ್ಟೇ ಇರುವುದಿಲ್ಲ. ಮಾರುತಿ 800, ಓಮ್ನಿ, ಹಳೆಯ ಬೊಲೆರೊ, ಕಮಾಂಡರ್ ಜೀಪು ಇವೆಲ್ಲ ಸಂತೆಗೆ, ಆಸ್ಪತ್ರೆಗೆ, ಮದುವೆಗೆ, ಹೊಲಕ್ಕೆ ಇನ್ನೂ ದುಡಿಯುತ್ತಿವೆ. ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ, ಓಮ್ನಿಯದು 2019ರಲ್ಲಿ. ಕಾರ್ಖಾನೆಯಲ್ಲಿ ತಯಾರಿಕೆ ನಿಂತರೂ ಹಳ್ಳಿಯ ರಸ್ತೆಯಲ್ಲಿ ಅವುಗಳ ಓಟ ನಿಂತಿಲ್ಲ. ಇಂಥ ಗಾಡಿಗಳ ಎಂಜಿನ್ ಬಗ್ಗೆ ಮಾಲೀಕರು ತೋರಿಸುವ ಕಾಳಜಿಯ ಕಾಲು ಭಾಗವನ್ನೂ ಅವುಗಳ ಹಿಂಬದಿಯ ದೀಪಗಳು ಕಂಡಿಲ್ಲ. ತಿರುಗುತ್ತೇನೆ, ನಿಲ್ಲುತ್ತೇನೆ, ಇಲ್ಲಿದ್ದೇನೆ ಎಂದು ಹೇಳುವ ದೀಪ ಎದುರಿನವನಿಗೆ ಕಾಣದಿದ್ದರೆ ಏನು ಮಾಡಬೇಕು? ಪೇಟೆಯಲ್ಲಿ ಇದಕ್ಕೆ ಸಿಗುವ ಉತ್ತರ ಒಂದೇ: ಎಲ್‌ಇಡಿ ಹಾಕಿಸಿ. ಆ ಉತ್ತರ ಎಷ್ಟು ಸರಿ, ಎಲ್ಲಿ ತಪ್ಪು, ಅದಕ್ಕಿಂತ ಮೊದಲು ಮಾಡಬೇಕಾದ್ದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪ್ರಶ್ನೆ ಚಿಕ್ಕದೆಂದು ಕಾಣಬಹುದು, ಆದರೆ ಅಂಕಿ ಅಂಶಗಳು ಬೇರೆ ಮಾತು ಹೇಳುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು. ಡಿಕ್ಕಿಯ ಬಗೆಗಳಲ್ಲಿ ಅತಿ ದೊಡ್ಡ ಪಾಲು ಹಿಂದಿನಿಂದ ಬಂದು ಗುದ್ದಿದ್ದು. ಐದು ಅಪಘಾತಗಳಲ್ಲಿ ಒಂದಕ್ಕಿಂತ ಹೆಚ್ಚು ಈ ಬಗೆಯವು. ಹಿಂದಿನಿಂದ ಗುದ್ದಿದ ಪ್ರತಿ ಪ್ರಕರಣಕ್ಕೂ ದೀಪವೇ ಕಾರಣವಲ್ಲ ನಿಜ. ಅತಿವೇಗ, ನಿದ್ದೆಗಣ್ಣು, ಮೊಬೈಲು ಎಲ್ಲವೂ ಸೇರುತ್ತವೆ. ಆದರೆ ಮುಂದಿನ ಗಾಡಿಯ ಚಾಲಕನ ಕೈಯಲ್ಲಿರುವುದು ಒಂದೇ ಸಾಧನ: ತನ್ನ ಉದ್ದೇಶವನ್ನು ಹಿಂದಿನವನಿಗೆ ಹೊತ್ತಿಗೆ ಮುಂಚೆ ತಿಳಿಸುವುದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಕಂಡು, ತಿಳಿದು, ಬ್ರೇಕ್ ಒತ್ತಿ, ಕಾರು ಒಣ ಡಾಂಬರಿನ ಮೇಲೆ ಪೂರ್ತಿ ನಿಲ್ಲುವಷ್ಟರಲ್ಲಿ 45ರಿಂದ 50 ಮೀಟರ್ ಕಳೆದಿರುತ್ತದೆ. ಕಬ್ಬಿನ ಮಣ್ಣು, ರವದಿ ಬಿದ್ದ ರಸ್ತೆಯಾದರೆ ಇನ್ನೂ ಹೆಚ್ಚು. ಹಿಂಬದಿಯ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುವುದು ಸುಮ್ಮನೆ ಅಲ್ಲ. ಆ ದೂರದಲ್ಲಿ ಹಿಂದಿನ ಚಾಲಕನಿಗೆ ಯೋಚಿಸಲು ಸಮಯ ಸಿಗುತ್ತದೆ.

ದೀಪ ಕಾಣುವುದೆಂದರೆ ಮೂರು ಸಂಗತಿಗಳು ಕೂಡಬೇಕು. ಬಲ್ಬಿನಿಂದ ಹೊರಟ ಬೆಳಕು ಸಾಕಷ್ಟಿರಬೇಕು. ಸುತ್ತಲಿನ ಹಿನ್ನೆಲೆಗಿಂತ ಅದು ಎದ್ದು ತೋರಬೇಕು. ಕಂಡದ್ದರ ಅರ್ಥ ನೋಡಿದವನಿಗೆ ಸಂಶಯವಿಲ್ಲದೆ ತಿಳಿಯಬೇಕು. ಬೆಳಕು ಹೆಚ್ಚಿಸುವ ಮಾತಾಡುವವರು ಮೊದಲನೆಯದನ್ನು ಮಾತ್ರ ಹಿಡಿದು, ಉಳಿದೆರಡನ್ನು ಬಿಡುತ್ತಾರೆ. ಮೊದಲನೆಯದರಲ್ಲೂ ಒಂದು ತಪ್ಪೆಣಿಕೆ ಇದೆ: ಹಳೆಯ ಕಾರಿನ ಇಂಡಿಕೇಟರ್ ಮಂಕಾದದ್ದು ಅದರ ವಿನ್ಯಾಸ ಹಳತಾದ್ದರಿಂದ ಎಂದು ಅವರು ಭಾವಿಸುತ್ತಾರೆ. ಆದರೆ ಇಂಡಿಕೇಟರಿಗೂ ಬ್ರೇಕ್ ಲೈಟಿಗೂ ಬಳಸುವ 21 ವ್ಯಾಟಿನ ಬಲ್ಬು ಇಂದಿಗೂ ಹಲವು ಹೊಸ ಕಾರುಗಳಲ್ಲಿದೆ. ಸರಿಯಾದ ವೋಲ್ಟೇಜು ಸಿಕ್ಕರೆ ಅದು ಸುಮಾರು 460 ಲ್ಯೂಮೆನ್ ಬೆಳಕು ಕೊಡುತ್ತದೆ. ಶುದ್ಧವಾದ ಲೆನ್ಸ್, ಹೊಳೆಯುವ ರಿಫ್ಲೆಕ್ಟರ್ ಇದ್ದರೆ ಅಷ್ಟು ಬೆಳಕು ಸಾಕು. ಹಾಗಾಗಿ ಇಲ್ಲಿ ವಾದ ಇಷ್ಟೇ: ಹಳೆಯ ಕಾರಿಗೆ ಮೊದಲು ಬೇಕಾದದ್ದು ಹೊಸ ಬೆಳಕಲ್ಲ, ದಾರಿಯಲ್ಲಿ ಸೋರಿಹೋಗುತ್ತಿರುವ ಹಳೆಯ ಬೆಳಕಿನ ವಾಪಸಾತಿ. ಅದಾದ ಮೇಲೆ ಬೇಕಾದರೆ ಹೊಸದನ್ನು ಕೂಡಿಸುವ ಮಾತು.

ಬೆಳಕು ಎಲ್ಲಿ ಸೋರುತ್ತದೆ? ಮೊದಲು ವೈರಿನಲ್ಲಿ. ತಂತಿ ಸುಟ್ಟು ಬೆಳಗುವ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ವೋಲ್ಟೇಜು ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಬಾಯಲ್ಲಿ 13.5 ವೋಲ್ಟಿಗಿಂತ ಹೆಚ್ಚೇ ಇದ್ದರೂ, ಇಪ್ಪತ್ತು ವರ್ಷ ಹಳೆಯ ಕಾರಿನ ಹಿಂಬದಿಯ ಬಲ್ಬಿನ ಬಾಯಿಗೆ ತಲುಪುವಾಗ ಅದು 11ಕ್ಕೆ ಇಳಿದಿರಬಹುದು. ಆಗ ಉಳಿಯುವುದು ಅರ್ಧ ಬೆಳಕು. ಫ್ಯೂಸಿನ ಕಾಲಿಗೆ ಹತ್ತಿದ ಕಿಲುಬು, ಸವೆದ ಇಂಡಿಕೇಟರ್ ಸ್ವಿಚ್ಚು, ತುಕ್ಕು ಹಿಡಿದ ಬಲ್ಬ್ ಹೋಲ್ಡರ್, ಹಿಂಬದಿಯ ಡಿಕ್ಕಿ ಬಾಗಿಲಿನ ಅಂಚಿನಲ್ಲಿ ಮಡಚಿ ಮಡಚಿ ಅರ್ಧ ತುಂಡಾದ ವೈರು ಇವೆಲ್ಲ ಸ್ವಲ್ಪ ಸ್ವಲ್ಪ ತಿಂದು ಈ ಕೊರತೆ ಉಂಟಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಳ್ಳ ಅರ್ಥಿಂಗ್. ಬಲ್ಬಿನಿಂದ ಹೊರಬಂದ ವಿದ್ಯುತ್ತು ಬಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳಬೇಕು. ಆ ತಗಡಿಗೂ ವೈರಿಗೂ ನಡುವಿನ ಸ್ಕ್ರೂ ತುಕ್ಕು ಹಿಡಿದರೆ ದಾರಿ ಕಟ್ಟುತ್ತದೆ. ಇದನ್ನು ಗುರುತಿಸುವುದಕ್ಕೆ ದೊಡ್ಡ ಉಪಕರಣ ಬೇಡ. ಇಂಡಿಕೇಟರ್ ಹಾಕಿದಾಗ ಪಕ್ಕದ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಣುಕುತ್ತಿದ್ದರೆ, ಬ್ರೇಕ್ ಒತ್ತಿದಾಗ ಬೇರೊಂದು ದೀಪ ಮಂಕಾದರೆ, ವಿದ್ಯುತ್ತು ತನ್ನ ದಾರಿ ಸಿಗದೆ ಬೇರೆ ಬಲ್ಬಿನ ಮೂಲಕ ನುಸುಳುತ್ತಿದೆ ಎಂದರ್ಥ. ಆ ಸ್ಕ್ರೂ ಬಿಚ್ಚಿ, ಮರಳುಕಾಗದದಿಂದ ತಗಡು ಹೊಳೆಯುವಷ್ಟು ಉಜ್ಜಿ, ಸ್ವಲ್ಪ ಗ್ರೀಸು ಹಚ್ಚಿ ಬಿಗಿ ಮಾಡಿದರೆ ದೀಪ ಕಣ್ಣೆದುರೇ ಬೆಳ್ಳಗಾಗುತ್ತದೆ. ಮೀಟರಿದ್ದವರು ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಬಲ್ಬು ತೆಗೆದು ಅಳೆದರೆ ತುಕ್ಕು ಹಿಡಿದ ಜೋಡಣೆಯೂ ಪೂರ್ತಿ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ.

ಎರಡನೆಯ ಸೋರಿಕೆ ಡೂಮಿನೊಳಗೆ, ಅಂದರೆ ಲೆನ್ಸು, ರಿಫ್ಲೆಕ್ಟರು ಕೂಡಿದ ದೀಪದ ಗೂಡಿನೊಳಗೆ. ಬಲ್ಬಿನ ತಂತಿಯ ಲೋಹ ವರ್ಷಗಟ್ಟಲೆ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಾಗಿ ಅಂಟುತ್ತದೆ. ಉರಿಯುತ್ತಿದೆಯಲ್ಲ ಎಂದು ಬಿಟ್ಟ ಬಲ್ಬು ಹೊಸದಾಗಿದ್ದಾಗಿನಷ್ಟು ಬೆಳಕು ಕೊಡುವುದಿಲ್ಲ. ಅದರ ಹಿಂದಿನ ಬೆಳ್ಳಿ ಬಣ್ಣದ ಬಟ್ಟಲು ತೇವ ಹೊಕ್ಕು ಕಂದಿದ್ದರೆ ಬೆಳಕು ಹಿಂದಕ್ಕೆ ಹೋಗಿ ಅಲ್ಲೇ ಸಾಯುತ್ತದೆ. ಡೂಮಿನ ರಬ್ಬರ್ ಪಟ್ಟಿ ಒಣಗಿ ಬಿರಿದದ್ದು ಇದಕ್ಕೆ ಮೂಲ. ಮಳೆಗಾಲದಲ್ಲಿ ಒಳಗೆ ನೀರು, ಬೇಸಿಗೆಯಲ್ಲಿ ಧೂಳು. ಬಿಸಿಲಿಗೆ ಕೆಂಪು ಲೆನ್ಸ್ ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಬೆಳ್ಳಗಾಗುತ್ತದೆ. ಪಾರದರ್ಶಕ ಲೆನ್ಸ್ ಬಂದ ಮೇಲಿನ ಕಾರುಗಳಲ್ಲಿ ಬಲ್ಬಿಗೇ ಕಿತ್ತಳೆ ಲೇಪವಿರುತ್ತದೆ. ಅದು ಸಿಪ್ಪೆಯೆದ್ದರೆ ಇಂಡಿಕೇಟರ್ ಬಿಳಿಯಾಗಿ ಮಿಣುಕುತ್ತದೆ. ಪಾರ್ಕಿಂಗಿಗೂ ಬ್ರೇಕಿಗೂ ಒಂದೇ ಬಲ್ಬು ಇರುವ ಗಾಡಿಗಳಲ್ಲಿ ಇನ್ನೊಂದು ಎಡವಟ್ಟು ಸಾಮಾನ್ಯ. ಆ ಬಲ್ಬಿನಲ್ಲಿ 5 ವ್ಯಾಟು, 21 ವ್ಯಾಟು ಎಂದು ಎರಡು ತಂತಿಗಳು. ತಲೆಕೆಳಗಾಗಬಾರದೆಂದೇ ಅದರ ಎರಡು ಪಿನ್ನುಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟಿರುತ್ತಾರೆ. ಸವೆದ ಹೋಲ್ಡರಿನಲ್ಲಿ ಅದನ್ನು ಒತ್ತಿ ತಿರುಗಿಸಿ ಹೇಗೋ ಕೂರಿಸಿದರೆ ಪಾರ್ಕಿಂಗ್ ದೀಪವೇ ಜೋರಾಗಿ ಉರಿದು, ಬ್ರೇಕ್ ಒತ್ತಿದಾಗ ಗೊತ್ತೇ ಆಗುವುದಿಲ್ಲ. ಇಷ್ಟರ ಮೇಲೆ ಎರೆಮಣ್ಣಿನ ಲೇಪ. ಮೂಡಲಗಿ ಕಡೆಯ ಹೊಲದ ದಾರಿಯಿಂದ ಡಾಂಬರಿಗೆ ಏರಿದ ಯಾವ ಗಾಡಿಯ ಹಿಂಬದಿ ನೋಡಿದರೂ ಮಾತು ತಿಳಿಯುತ್ತದೆ: ಗಾಜು ಒರೆಸಿದವರು ದೀಪ ಒರೆಸಿರುವುದಿಲ್ಲ. ಅಂದಕ್ಕೆಂದು ದೀಪದ ಮೇಲೆ ಕಪ್ಪು ಫಿಲ್ಮ್ ಅಂಟಿಸುವ ಹುಡುಗರ ವಿಷಯ ಹೇಳುವುದೇ ಬೇಡ. ಅದು ದುಡ್ಡು ಕೊಟ್ಟು ಕತ್ತಲೆ ತಂದಂತೆ.

ಇನ್ನು ಹಿನ್ನೆಲೆಯ ವಿಚಾರ. ರಾತ್ರಿ ಮಂಕು ದೀಪವೂ ಕತ್ತಲೆಯೆದುರು ಹೇಗೋ ಕಾಣುತ್ತದೆ. ನಿಜವಾದ ಪರೀಕ್ಷೆ ಹಗಲಿನದು, ಅದರಲ್ಲೂ ಬೆಳಗು ಸಂಜೆಯದು. ಹುಕ್ಕೇರಿ ಗೋಕಾಕಕ್ಕೆ ಪಡುವಣ ದಿಕ್ಕಿಗಿದೆ. ಸಂಜೆ ಹುಕ್ಕೇರಿಯಿಂದ ಗೋಕಾಕದ ಕಡೆ ಬರುವ ಕಾರಿನ ಬೆನ್ನಿಗೆ ಇಳಿಬಿಸಿಲು ನೇರ ಬೀಳುತ್ತದೆ. ಆ ಬಿಸಿಲು ಲೆನ್ಸಿನೊಳಗೆ ಹೊಕ್ಕು, ರಿಫ್ಲೆಕ್ಟರಿಗೆ ಬಡಿದು, ಬಣ್ಣ ಹೊತ್ತು ಹೊರಗೆ ಬರುತ್ತದೆ; ದೀಪ ಆರಿದ್ದಾಗಲೂ ಉರಿದಂತೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಇಂಡಿಕೇಟರ್ ಹತ್ತಿದೆಯೋ ಇಲ್ಲವೋ ಎಂಬ ವ್ಯತ್ಯಾಸ ಅತಿ ತೆಳುವಾಗುತ್ತದೆ. ಅದೇ ಸಂಜೆ ಗೋಕಾಕದಿಂದ ಹುಕ್ಕೇರಿಗೆ ಹೋಗುವವರ ಪಾಡು ತಿರುಗುಮುರುಗು: ಹಿಂದಿನ ಚಾಲಕನ ಕಣ್ಣಿಗೇ ಬಿಸಿಲು ಚುಚ್ಚುತ್ತಿರುತ್ತದೆ, ಮುಂದಿನ ಕಾರು ಕಪ್ಪು ನೆರಳಾಗಿರುತ್ತದೆ. ಬೆಳಿಗ್ಗೆ ಇವೆರಡೂ ಅದಲು ಬದಲು. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಕಾಲುವೆ, ಕಬ್ಬಿನ ಗದ್ದೆಗಳ ಮೇಲೆ ಇಬ್ಬನಿ ಕವಿದಾಗ ಇನ್ನೊಂದು ತೊಡಕು ಸೇರುತ್ತದೆ. ಹೀಗೆ ಬಿಸಿಲಿನಲ್ಲಿ ಕೆಲಸ ಮಾಡಬೇಕಾದ ದೀಪಕ್ಕೆ ವೈರಿನಲ್ಲಿ ಕಳೆದುಕೊಳ್ಳಲು ಅರ್ಧ ಬೆಳಕು ಇಲ್ಲ. ರಾತ್ರಿ ಗೋಡೆಗೆ ಹಿಡಿದು ನೋಡಿ ಚೆನ್ನಾಗಿದೆ ಎಂದು ಸಮಾಧಾನಪಡುವುದು ಸಾಲದು. ಹಗಲಿನ ಬಿಸಿಲಿನಲ್ಲಿ, ಐವತ್ತು ಹೆಜ್ಜೆ ಹಿಂದೆ ನಿಂತು ಇಂಡಿಕೇಟರ್ ಕಾಣುತ್ತದೆಯೇ ಎಂದು ನೋಡುವುದೇ ಸರಿಯಾದ ಪರೀಕ್ಷೆ.

ಇಷ್ಟೆಲ್ಲ ಗೋಳು ಯಾಕೆ, ನೇರ ಎಲ್‌ಇಡಿ ಬಲ್ಬ್ ಹಾಕಿದರೆ ಮುಗಿಯಿತಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಎಲ್‌ಇಡಿ ಕಡಿಮೆ ವಿದ್ಯುತ್ತು ಎಳೆಯುತ್ತದೆ, ಆದ್ದರಿಂದ ದುರ್ಬಲ ವೈರಿನಲ್ಲೂ ಕಡಿಮೆ ನಷ್ಟ. ಅದು ತಕ್ಷಣ ಹತ್ತುತ್ತದೆ. ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಆ ಹೊತ್ತಿಗೆ ಹಿಂದಿನ ಕಾರು ಮೂರು ಮೀಟರಿಗೂ ಹೆಚ್ಚು ಸಾಗಿರುತ್ತದೆ. ಬ್ರೇಕ್ ಲೈಟಿನ ಮಟ್ಟಿಗೆ ಇದು ನಿಜವಾದ ಲಾಭ. ಆದರೆ ಎಲ್‌ಇಡಿಗೆಂದೇ ಕಟ್ಟಿದ ಡೂಮಿನ ಮಾತು ಬೇರೆ, ತಂತಿಯ ಬಲ್ಬಿಗೆ ಕಟ್ಟಿದ ಹಳೆಯ ಡೂಮಿಗೆ ಎಲ್‌ಇಡಿ ಬಲ್ಬ್ ತುರುಕುವ ಮಾತು ಬೇರೆ. ಹಳೆಯ ಬಟ್ಟಲಿನ ಆಕಾರವನ್ನು ನಡುವಿನ ಒಂದು ಸಣ್ಣ ಬಿಂದುವಿನಿಂದ ಎಲ್ಲ ಕಡೆ ಹರಡುವ ಬೆಳಕಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅಗ್ಗದ ಎಲ್‌ಇಡಿಗಳಲ್ಲಿ ಚಿಪ್ಪುಗಳು ಬೇರೆ ಜಾಗದಲ್ಲಿ, ಬೇರೆ ದಿಕ್ಕಿಗೆ ಮುಖ ಮಾಡಿರುತ್ತವೆ. ನೇರ ಹಿಂದೆ ನಿಂತವನಿಗೆ ಕಣ್ಣು ಕುಕ್ಕುವಷ್ಟು ಬೆಳಕು, ಪಕ್ಕದಿಂದ ಬರುತ್ತಿರುವ ಬೈಕಿನವನಿಗೆ ಏನೂ ಇಲ್ಲ. ಗುರ್ಲಾಪುರ ಕ್ರಾಸಿನಂಥ ಕೂಡುರಸ್ತೆಯಲ್ಲಿ ಓರೆಯಾಗಿ ಬರುವವನಿಗೇ ಇಂಡಿಕೇಟರ್ ಹೆಚ್ಚು ಬೇಕಾದ್ದು.

ಬಣ್ಣವೂ ಕೈಕೊಡುತ್ತದೆ. ಬಿಳಿ ಎಲ್‌ಇಡಿ ಹುಟ್ಟುವುದು ನೀಲಿ ಬೆಳಕಿನಿಂದ. ಅದರಲ್ಲಿ ಕೆಂಪಿನ ಅಂಶ ಕಡಿಮೆ. ಕೆಂಪು ಲೆನ್ಸಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಲೆನ್ಸು ಹೆಚ್ಚಿನ ಬೆಳಕನ್ನು ನುಂಗಿ ಗುಲಾಬಿ ಬಣ್ಣವನ್ನು ಹೊರಬಿಡುತ್ತದೆ. ಹಾಕಲೇಬೇಕೆಂದರೆ ಲೆನ್ಸಿನ ಬಣ್ಣದ್ದೇ ಎಲ್‌ಇಡಿ ಹಾಕಬೇಕು ಎಂಬ ನಿಯಮ ಇಲ್ಲಿಂದ ಬಂದದ್ದು. ಮುಂದಿನ ತೊಡಕು ಇಂಡಿಕೇಟರನ್ನು ಮಿಣುಕಿಸುವ ಫ್ಲಾಶರಿನದು. ಹಳೆಯ ಗಾಡಿಯ ಫ್ಲಾಶರ್ ಬಲ್ಬುಗಳು ಎಳೆಯುವ ವಿದ್ಯುತ್ತನ್ನು ನಂಬಿ ಕೆಲಸ ಮಾಡುತ್ತದೆ. ಎಳೆತ ಕಡಿಮೆಯಾದರೆ ಕೆಲವು ನಿಂತೇ ಹೋಗುತ್ತವೆ, ಕೆಲವು ಬಲ್ಬು ಸುಟ್ಟಿದೆಯೆಂದು ತಿಳಿದು ಪಟಪಟನೆ ಮಿಣುಕುತ್ತವೆ. ಇಂಡಿಕೇಟರ್ ಕಿತ್ತಳೆ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಲ್ಲದೆ 120ಕ್ಕಿಂತ ಹೆಚ್ಚಲ್ಲದೆ ಮಿಣುಕಬೇಕು ಎಂದು ನಿಯಮ 102 ಹೇಳುತ್ತದೆ. ಇದಕ್ಕೆ ಪರಿಹಾರವೆಂದು ಗ್ಯಾರೇಜುಗಳಲ್ಲಿ ಕಟ್ಟುವ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿಸಿ ಕಟ್ಟಿದರೆ ಅಪಾಯ. ಎಲೆಕ್ಟ್ರಾನಿಕ್ ಫ್ಲಾಶರ್ ಹಾಕುವುದೇ ಸರಿಯಾದ ದಾರಿ. ಕೊನೆಯದಾಗಿ ಬ್ರೇಕಿಗೂ ಪಾರ್ಕಿಂಗಿಗೂ ನಡುವಿನ ಅಂತರ. ತಂತಿಯ ಬಲ್ಬಿನಲ್ಲಿ ಬ್ರೇಕಿನ ಬೆಳಕು ಪಾರ್ಕಿಂಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಕಳಪೆ ಎಲ್‌ಇಡಿಯಲ್ಲಿ ಪಾರ್ಕಿಂಗೇ ಅತಿ ಜೋರು. ಬ್ರೇಕ್ ಒತ್ತಿದಾಗ ಬೆಳಕು ಸ್ವಲ್ಪ ಏರುತ್ತದೆ ಅಷ್ಟೇ. ರಾತ್ರಿಯಿಡೀ ಬ್ರೇಕ್ ಒತ್ತಿದಂತೆ ಕಾಣುವ ಕಾರು ನಿಜವಾಗಿ ಬ್ರೇಕ್ ಒತ್ತಿದಾಗ ಯಾರೂ ನಂಬುವುದಿಲ್ಲ. ಬೆಳಕು ಹೆಚ್ಚಿತು, ಸಂದೇಶ ಕಡಿಮೆಯಾಯಿತು.

ಕಾನೂನಿನ ನಿಲುವನ್ನೂ ನೋಡಬೇಕು. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಗಾಡಿಯ ಮುಂದಕ್ಕೆ ಕೆಂಪು ದೀಪ ತೋರಿಸುವುದನ್ನೂ ನಿಯಮ ತಡೆಯುತ್ತದೆ. ಹಾಗೆಂದು ರಿಪೇರಿಗೆ ಯಾರೂ ಹೆದರಬೇಕಿಲ್ಲ. ಮೂಲದಲ್ಲಿದ್ದ ವ್ಯಾಟಿನದೇ ಬಲ್ಬು, ಅದೇ ಮಾದರಿಯ ಡೂಮು, ಹೊಸ ವೈರು, ಹೊಸ ಹೋಲ್ಡರು ಹಾಕುವುದು ಮಾರ್ಪಾಡಲ್ಲ, ದುರಸ್ತಿ. ಕಳೆದ ಬೆಳಕನ್ನು ಮರಳಿ ತರುವ ದಾರಿ ಅಗ್ಗವೂ ಹೌದು, ಕಾಯ್ದೆಗೆ ಹೊಂದುವುದೂ ಹೌದು. ಹೊಸ ದೀಪ ಕೂಡಿಸುವವರು ಮಾತ್ರ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಹೊಸದನ್ನು ಕೂಡಿಸಿದರೆ ಎಷ್ಟು ಲಾಭ ಎಂಬುದಕ್ಕೆ ಹೊರದೇಶದ ಒಂದು ಅನುಭವ ಪಾಠ ಹೇಳುತ್ತದೆ. 1974ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಟ್ಯಾಕ್ಸಿಗಳ ಹಿಂಬದಿಯ ನಡುವೆ ಹೆಚ್ಚುವರಿ ಎಚ್ಚರಿಕೆ ದೀಪ ಕೂರಿಸಿ ನೋಡಿದಾಗ ಹಿಂದಿನಿಂದ ಗುದ್ದುವ ಅಪಘಾತಗಳು ಅರ್ಧಕ್ಕಿಂತ ಕಡಿಮೆಯಾದವು. ಮುಂದೆ 1986ರ ಮಾದರಿಯಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಹಿಂದಿನ ಗಾಜಿನ ಎತ್ತರದಲ್ಲಿ ಮೂರನೆಯ ಬ್ರೇಕ್ ಲೈಟು ಕಡ್ಡಾಯವಾಯಿತು. ಎಲ್ಲ ಕಾರುಗಳಿಗೂ ಅದು ಬಂದ ಮೇಲೆ, 1998ರಲ್ಲಿ ಸರ್ಕಾರದ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದಾಗ ಉಳಿದ ಲಾಭ ಶೇ 4.3. ಶೇ 4 ಸಣ್ಣದಲ್ಲ. ಇಷ್ಟು ಅಗ್ಗದ ಸಾಧನದಿಂದ ಅಷ್ಟು ಗಾಡಿಗಳು ಉಳಿದದ್ದು ದೊಡ್ಡದೇ. ಆದರೆ ಮೊದಲ ದಿನಗಳ ಬೆರಗಿನ ಲಾಭ ಕರಗಿದ್ದು ಯಾಕೆ ಎಂದು ಕೇಳಬೇಕು. ಅಪರೂಪವಾದದ್ದು ಕಣ್ಣು ಸೆಳೆಯುತ್ತದೆ. ಎಲ್ಲರ ಬಳಿಯೂ ಬಂದರೆ ಕಣ್ಣು ಅದಕ್ಕೆ ಒಗ್ಗುತ್ತದೆ. ಬ್ರೇಕ್ ಒತ್ತಿದರೆ ಚಕಚಕನೆ ಮಿನುಗುವ ಪಟ್ಟಿ ದೀಪಗಳನ್ನು ಇಂದು ಹಾಕಿಸಿಕೊಳ್ಳುವವರಿಗೆ ಈ ಮಾತು ಅನ್ವಯಿಸುತ್ತದೆ. ಅದೇ ಸಂಸ್ಥೆಯ 2009ರ ಇನ್ನೊಂದು ಅಧ್ಯಯನ ಹಿಂಬದಿಯ ಇಂಡಿಕೇಟರ್ ಕೆಂಪಾಗಿರುವುದಕ್ಕಿಂತ ಕಿತ್ತಳೆಯಾಗಿದ್ದರೆ ತಿರುವಿನ ಹೊತ್ತಿನ ಹಿಂಬದಿ ಡಿಕ್ಕಿಗಳು ಶೇ 5.3ರಷ್ಟು ಕಡಿಮೆ ಎಂದು ಕಂಡಿತು. ಗಮನಿಸಬೇಕಾದದ್ದು, ಇಲ್ಲಿ ಬೆಳಕು ಹೆಚ್ಚಿಲ್ಲ; ಬ್ರೇಕಿನ ಕೆಂಪಿಗಿಂತ ಬೇರೆಯಾಗಿ ಕಂಡದ್ದಷ್ಟೇ ಲಾಭ. ಕಿತ್ತಳೆ ಲೇಪ ಹೋದ ಬಲ್ಬನ್ನು ಬದಲಿಸುವ ಕೆಲವು ಹತ್ತು ರೂಪಾಯಿಗಳ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಕೂಡಿಸುವ ಸಾಧನಗಳಲ್ಲಿ ನಿಸ್ಸಂಶಯವಾಗಿ ಒಪ್ಪಬಹುದಾದದ್ದು ನಮ್ಮ ಕಡೆ ರೇಡಿಯಂ ಎನ್ನುವ ಪ್ರತಿಫಲನ ಪಟ್ಟಿ. ಅದಕ್ಕೆ ವೈರು ಬೇಡ, ಬ್ಯಾಟರಿ ಬೇಡ. ಹಿಂದಿನ ಗಾಡಿಯ ಹೆಡ್‌ಲೈಟಿನ ಬೆಳಕನ್ನೇ ಬಂದ ದಿಕ್ಕಿಗೆ ಮರಳಿಸುತ್ತದೆ. ಕಾರು ಕೆಟ್ಟು ನಿಂತಾಗ, ಬ್ಯಾಟರಿ ಸತ್ತಾಗ, ಡೂಮು ಒಡೆದಾಗಲೂ ಅದು ಕೆಲಸ ಬಿಡುವುದಿಲ್ಲ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಎಂಬ ಕ್ರಮ ತಪ್ಪಬಾರದು. ಹಿಂದೆ ಬಿಳಿ ಪಟ್ಟಿ ಅಂಟಿಸಿದರೆ ರಾತ್ರಿ ನೋಡಿದವನು ಎದುರಿನಿಂದ ಗಾಡಿ ಬರುತ್ತಿದೆ ಎಂದು ತಿಳಿಯುತ್ತಾನೆ. ಆದರೆ ರೇಡಿಯಂ ಹಗಲಿನಲ್ಲಿ ಮೂಕ. ಗಾಡಿ ಇಲ್ಲಿದೆ ಎಂದಷ್ಟೇ ಅದು ಹೇಳಬಲ್ಲದು, ಗಾಡಿ ಬಲಕ್ಕೆ ತಿರುಗುತ್ತಿದೆ ಎಂದು ಹೇಳಲಾರದು. ಇಂಡಿಕೇಟರಿನ ಜಾಗಕ್ಕೆ ಅದು ಬರುವುದಿಲ್ಲ, ಪಕ್ಕಕ್ಕೆ ಬರುತ್ತದೆ.

ಅರ್ಥದ ಪ್ರಶ್ನೆ ಉಳಿಯಿತು. ನಮ್ಮ ಹೆದ್ದಾರಿಗಳಲ್ಲಿ ಬಲ ಇಂಡಿಕೇಟರಿಗೆ ಎರಡು ಅರ್ಥಗಳು ಬೆಳೆದುಬಿಟ್ಟಿವೆ: ನಾನು ಬಲಕ್ಕೆ ತಿರುಗುತ್ತೇನೆ ಎಂಬುದೊಂದು, ದಾರಿ ಖಾಲಿಯಿದೆ ನೀನು ಮುಂದೆ ಹೋಗು ಎಂದು ಲಾರಿ ಚಾಲಕರು ಹಿಂದಿನವರಿಗೆ ಕೊಡುವ ಸನ್ನೆ ಇನ್ನೊಂದು. ಪರಸ್ಪರ ವಿರುದ್ಧವಾದ ಎರಡು ಅರ್ಥಗಳನ್ನು ಒಂದೇ ದೀಪ ಹೊತ್ತಾಗ ಅದರ ಹೊಳಪು ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ. ಕೂಡುರಸ್ತೆಯಲ್ಲಿ ನೇರ ಹೋಗುತ್ತೇನೆ ಎನ್ನಲು, ಮಳೆಯಲ್ಲಿ ಓಡಿಸುತ್ತಿದ್ದೇನೆ ಎನ್ನಲು ನಾಲ್ಕೂ ಇಂಡಿಕೇಟರ್ ಹಾಕುವ ರೂಢಿಯೂ ಇಂಥದ್ದೇ; ಆಗ ತಿರುಗುವ ಸೂಚನೆ ಕೊಡಲು ದೀಪವೇ ಉಳಿಯುವುದಿಲ್ಲ, ಒಂದು ಬದಿಯ ದೀಪ ಮಾತ್ರ ಕಂಡವನಿಗೆ ಅದು ತಿರುವೆಂದೇ ತೋರುತ್ತದೆ. ಇದಕ್ಕೆ ಗ್ಯಾರೇಜಿನಲ್ಲಿ ಮದ್ದಿಲ್ಲ. ಚಾಲಕ ತಿರುವಿಗೆ ಕನಿಷ್ಠ ಐದು ಸೆಕೆಂಡು ಮುಂಚೆ ಇಂಡಿಕೇಟರ್ ಹಾಕಬೇಕು. ನಿಮಿಷಕ್ಕೆ 60 ಬಾರಿ ಮಿಣುಕುವ ದೀಪ ಅಷ್ಟರಲ್ಲಿ ಐದು ಸಲ ಹೇಳಿರುತ್ತದೆ. ಬ್ರೇಕ್ ಒತ್ತಿದ ಮೇಲೆ ಇಂಡಿಕೇಟರ್ ಹಾಕುವ ರೂಢಿ ಬಿಡಬೇಕು. ಕಬ್ಬಿನ ಟ್ರೇಲರ್ ದಾಟುವಾಗ ಹೊರಬರುವ ಮುನ್ನವೇ ಬಲ ಇಂಡಿಕೇಟರ್ ಹತ್ತಿರಬೇಕು, ಮರಳಿ ಎಡಕ್ಕೆ ಸೇರುವಾಗ ಎಡದ್ದು. ಮಂಕು ದೀಪವನ್ನು ಬೇಗ ಹಾಕಿದವನು ಪ್ರಖರ ದೀಪವನ್ನು ತಡವಾಗಿ ಹಾಕಿದವನಿಗಿಂತ ಸುರಕ್ಷಿತ.

ಇಲ್ಲಿಗೆ ಈ ಸೀಮೆಯವರು ಕೇಳುವ ಬಲವಾದ ಆಕ್ಷೇಪ ಬರುತ್ತದೆ. ಎರಡು ಟ್ರೇಲರಿನ ಹಿಂದೆ ಒಂದೂ ದೀಪವಿಲ್ಲದೆ ರಾತ್ರಿಯೆಲ್ಲ ಓಡುವ ಕಬ್ಬಿನ ಗಾಡಿಗಳಿರುವಾಗ ಹಳೆಯ ಮಾರುತಿಯ ಇಂಡಿಕೇಟರ್ ತಿಕ್ಕುವುದರಿಂದ ಏನಾದೀತು? ಆ ಮಾತಿನಲ್ಲಿ ನಿಜವಿದೆ. ಟ್ರೇಲರಿನ ದೀಪಕ್ಕೆ ಟ್ರ್ಯಾಕ್ಟರಿನಿಂದ ಹೋಗುವ ವೈರು ಹೊಲದ ದಾರಿಯಲ್ಲಿ ಹರಿಯುತ್ತದೆ. ಉಳಿದರೂ ಹೊರಚಾಚಿದ ಕಬ್ಬಿನ ಗರಿ ದೀಪವನ್ನು ಮುಚ್ಚುತ್ತದೆ. ಅಂಥ ಗಾಡಿಗಳಿಗೆ ಹೊರೆಯ ಹಿಂಬದಿಗೆ ನೇತುಹಾಕುವ ರೇಡಿಯಂ ಫಲಕವೇ ವ್ಯಾವಹಾರಿಕ ಪರಿಹಾರ, ಕಾರ್ಖಾನೆಯ ಅಂಗಳದಲ್ಲಿ ತೂಕಕ್ಕೆ ನಿಲ್ಲುವಾಗಲೇ ಅದನ್ನು ನೋಡಿ ಬಿಡುವುದು ಸರಿಯಾದ ಏರ್ಪಾಡು. ಆದರೆ ಟ್ರೇಲರಿನ ತಪ್ಪಿನಿಂದ ಕಾರಿನ ತಪ್ಪು ಚಿಕ್ಕದಾಗುವುದಿಲ್ಲ, ದೊಡ್ಡದಾಗುತ್ತದೆ. ದೀಪವಿಲ್ಲದ ಟ್ರೇಲರ್ ಕಂಡ ಕಾರಿನವನು ಥಟ್ಟನೆ ಬ್ರೇಕ್ ಒತ್ತುತ್ತಾನೆ, ಇಲ್ಲವೇ ಬಲಕ್ಕೆ ಸರಿಯುತ್ತಾನೆ. ಅವನ ಹಿಂದೆ ಬರುವವನಿಗೆ ಟ್ರೇಲರ್ ಕಾಣುವುದೇ ಇಲ್ಲ, ಕಾಣುವುದು ಈ ಕಾರಿನ ದೀಪ ಮಾತ್ರ. ಆ ಕ್ಷಣದಲ್ಲಿ ಹಳೆಯ ಕಾರಿನ ಬ್ರೇಕ್ ಲೈಟು ಟ್ರೇಲರಿನ ಕೆಲಸವನ್ನೂ ತಾನೇ ಮಾಡುತ್ತಿರುತ್ತದೆ.

ಇಂಥ ಗಾಡಿಗಳನ್ನು ಗುಜರಿಗೆ ಹಾಕುವುದೇ ಸರಿ ಎನ್ನುವವರಿಗೂ ಉತ್ತರ ಹೇಳಬೇಕು. ತುಕ್ಕು ತಿಂದು ಬ್ರೇಕ್ ಹಿಡಿಯದ ಗಾಡಿ ರಸ್ತೆಗೆ ಬರಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೀಪ ಮಂಕಾದದ್ದು ವಯಸ್ಸಿನ ರೋಗವಲ್ಲ, ಅಲಕ್ಷ್ಯದ ರೋಗ. ಐದು ವರ್ಷದ ಪಿಕಪ್ಪಿನಲ್ಲೂ ಅದು ಕಾಣುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಆಗ ತಪಾಸಣೆಯೂ ಆಗುತ್ತದೆ. ಐದು ವರ್ಷಕ್ಕೊಮ್ಮೆ ನೋಡಿದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುವ ಹೋಲ್ಡರಿಗೆ ಸಾಲದು. ದೀಪ ಎಷ್ಟಿದ್ದರೇನು, ನೋಡುವವರು ನೋಡಬೇಕಲ್ಲ ಎಂಬ ನಿರಾಸೆಯ ಮಾತಿಗೂ ಇಷ್ಟೇ ಉತ್ತರ: ನೋಡದವನನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ, ನೋಡುವವನಿಗೆ ಕಾಣಿಸುವುದು ಕೈಯಲ್ಲಿದೆ.

ಎಲ್ಲವನ್ನೂ ತೂಗಿದರೆ ಕ್ರಮ ಸ್ಪಷ್ಟ. ಮೊದಲು ಡೂಮು ಒರೆಸಿ, ಬಿಚ್ಚಿ ತೊಳೆದು, ರಬ್ಬರ್ ಪಟ್ಟಿ ಬದಲಿಸುವುದು. ಎರಡನೆಯದು ಅರ್ಥಿಂಗ್, ಹೋಲ್ಡರ್, ಫ್ಯೂಸಿನ ಕಿಲುಬು ತೆಗೆಯುವುದು. ಮೂರನೆಯದು ಎಲ್ಲ ಬಲ್ಬುಗಳನ್ನೂ ಸರಿಯಾದ ವ್ಯಾಟಿನ ಒಳ್ಳೆಯ ಬಲ್ಬುಗಳಿಂದ ಬದಲಿಸುವುದು. ನಾಲ್ಕನೆಯದು ಬಣ್ಣ ಕಂದಿದ ಲೆನ್ಸು ಹೊಸದು ಮಾಡುವುದು. ಐದನೆಯದು ರೇಡಿಯಂ. ಇಷ್ಟೂ ಆದ ಮೇಲೆ ಹಗಲಿನಲ್ಲಿ ದೀಪ ಸಾಲದೆನಿಸಿದರೆ ಮಾತ್ರ ಎಲ್‌ಇಡಿಯ ಮಾತು, ಅದೂ ಫ್ಲಾಶರ್ ಸಹಿತ ಮತ್ತು ಕಾನೂನು ಕೇಳಿಕೊಂಡು. ಇದಕ್ಕೊಂದು ದಿನ ಬೇಕೆಂದರೆ ನಮ್ಮ ಪಂಚಾಂಗದಲ್ಲೇ ಇದೆ. ಖಂಡೇನವಮಿಗೆ ಈ ಸೀಮೆಯ ಪ್ರತಿ ಮನೆಯಲ್ಲೂ ಗಾಡಿ ತೊಳೆದು ಪೂಜೆ ಮಾಡುತ್ತಾರೆ. ಕಬ್ಬಿನ ಹಂಗಾಮು ಅದರ ಬೆನ್ನಿಗೇ ಬರುತ್ತದೆ. ಚೆಂಡುಹೂವಿನ ಹಾರ ಕಟ್ಟುವ ಮೊದಲು ಒಬ್ಬರು ಒಳಗೆ ಕೂತು ಎಡ, ಬಲ, ಬ್ರೇಕ್, ಪಾರ್ಕಿಂಗ್ ಹಾಕಲಿ, ಇನ್ನೊಬ್ಬರು ಬಿಸಿಲಲ್ಲಿ ಐವತ್ತು ಹೆಜ್ಜೆ ಹಿಂದೆ ನಿಂತು ನೋಡಲಿ. ಕಾಣದ ದೀಪವನ್ನು ಅಂದೇ ಸರಿಮಾಡಿಸಿ, ಹಾರವನ್ನು ದೀಪ ಮುಚ್ಚದಂತೆ ಕಟ್ಟಲಿ.